ಹೋರಿಗೆ ಬ್ಯಾನರ್ ಇದೆ, ಪೈಲ್ವಾನರಿಗೆ?

ದೀಪಾವಳಿ ಮುಗಿದ ಮೇಲೆ ನಮ್ಮ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಬಸ್ಸಿನಲ್ಲಿ ಹೊರಟರೆ ಊರೂರಿನ ಕ್ರಾಸ್‌ನಲ್ಲಿ ಬ್ಯಾನರ್‌ಗಳು ಕಾಣುತ್ತವೆ. ನಡುವೆ ಕೊಬ್ಬರಿ ಸರ ಹಾಕಿಕೊಂಡ ಒಂದು ಹೋರಿ. ಅದಕ್ಕೊಂದು ಹೆಸರು, ಹೆಸರಿಗೊಂದು ಬಿರುದು, ಕೆಳಗೆ ಅಭಿಮಾನಿ ಬಳಗದ ಹುಡುಗರ ಸಾಲು ಸಾಲು ಫೋಟೊ. ಹೋರಿ ಬೆದರಿಸುವ ಸ್ಪರ್ಧೆಗೆ ಬರುವವರಿಗೆ ಯಾವ ಹೋರಿ ಯಾವ ಊರಿನದು, ಹೋದ ವರ್ಷ ಎಲ್ಲಿ ಗೆದ್ದಿತು, ಯಾವ ಬಹುಮಾನ ತಂದಿತು ಎಲ್ಲ ಬಾಯಿಪಾಠ.

ಈಗ ಅದೇ ಊರಿನ ಜಾತ್ರೆ ಕುಸ್ತಿಯ ಬ್ಯಾನರ್ ನೆನಪು ಮಾಡಿಕೊಳ್ಳಿ. ಮೇಲೆ ಮುಖಂಡರು, ಪಕ್ಕದಲ್ಲಿ ದೇಣಿಗೆ ಕೊಟ್ಟವರು, ಕೆಳಗೆ ಕಮಿಟಿ ಸದಸ್ಯರು. ಕುಸ್ತಿ ಹಿಡಿಯೋರು ಯಾರು ಅಂತ ಹುಡುಕಿದರೆ "ನಾಡಿನ ಹೆಸರಾಂತ ಪೈಲ್ವಾನರು ಭಾಗವಹಿಸಲಿದ್ದಾರೆ" ಅನ್ನೋ ಒಂದು ಸಾಲು ಸಿಗುತ್ತೆ. ಹೆಸರಾಂತ ಅಂತಾರೆ, ಹೆಸರು ಮಾತ್ರ ಹಾಕಲ್ಲ!

ಈ ವ್ಯತ್ಯಾಸ ನನ್ನ ಕಣ್ಣಿಗೆ ಬಿದ್ದದ್ದು ಜಪಾನಿನ ಒಂದು ಹೊಸ ಕುಸ್ತಿ ಕಂಪನಿಯಿಂದ. ಬೆಂಗಳೂರಿನಲ್ಲಿ ಕೋಡ್ ಬರೆಯೋ ನನಗೆ ರಾತ್ರಿ ಊಟ ಆದಮೇಲೆ ಫೋನಿನಲ್ಲಿ ಕುಸ್ತಿ ನೋಡೋ ಚಟ. ಆ ಕಂಪನಿಯನ್ನು ಅದು ಶುರುವಾದಾಗಿನಿಂದ ನೋಡುತ್ತಿದ್ದೇನೆ.

54 ದಿನದಲ್ಲಿ ಸುಮೊ ಅಂಗಳಕ್ಕೆ

ಕಂಪನಿಯ ಹೆಸರು ಮಾರಿಗೋಲ್ಡ್. ಅಂದರೆ ನಮ್ಮ ಚೆಂಡು ಹೂವು. ಪೂರ್ತಿ ಮಹಿಳೆಯರ ಪ್ರೊ ರೆಸ್ಲಿಂಗ್. ಕಟ್ಟಿದವರು ರೋಸಿ ಒಗಾವಾ. 1997ರವರೆಗೆ ಆಲ್ ಜಪಾನ್ ವಿಮೆನ್ಸ್ ಎಂಬ ಹಳೆಯ ಕಂಪನಿಯಲ್ಲಿದ್ದ ಇವರು, ಅಲ್ಲಿಂದ ಹೊರಬಂದು ಅರ್ಸಿಯಾನ್ ಕಟ್ಟಿದರು. ಆಮೇಲೆ 2010ರಲ್ಲಿ ಸ್ಟಾರ್ಡಮ್ ಹುಟ್ಟುಹಾಕಿದರು. ಅದು ಬೆಳೆದು ದೊಡ್ಡದಾಗಿ, 2019ರಲ್ಲಿ ಬುಶಿರೋಡ್ ಎಂಬ ಕಾರ್ಡ್ ಗೇಮ್ ಸಂಸ್ಥೆಯ ಕೈ ಸೇರಿತು. 2024ರ ಫೆಬ್ರವರಿಯಲ್ಲಿ, ಸಿಬ್ಬಂದಿ ಮತ್ತು ಆಟಗಾರರನ್ನು ಬೇರೆ ಕಡೆ ಸೆಳೆಯುತ್ತಿದ್ದಾರೆ ಎಂಬ ಕಾರಣ ಕೊಟ್ಟು ಸ್ಟಾರ್ಡಮ್ ಅವರ ಜೊತೆಗಿನ ಒಪ್ಪಂದವನ್ನೇ ರದ್ದು ಮಾಡಿತು. ತಾನೇ ಕಟ್ಟಿದ ಮನೆಯಿಂದ ಹೊರಗೆ, ಅದೂ 66ರ ವಯಸ್ಸಿನಲ್ಲಿ.

ಏಪ್ರಿಲ್ 15ಕ್ಕೆ ಅವರು ಹೊಸ ಕಂಪನಿ ಘೋಷಿಸಿದರು. ಸ್ಟಾರ್ಡಮ್ ಬಿಟ್ಟು ಬಂದ ಜೂಲಿಯಾ, ಉತಾಮಿ ಹಯಾಶಿಶಿತಾ ಮೊದಲಾದವರು ಜೊತೆಗಿದ್ದರು. ಮೇ 20ಕ್ಕೆ ಟೋಕಿಯೊದ ಕೊರಾಕುಎನ್ ಹಾಲ್‌ನಲ್ಲಿ ಮೊದಲ ಪ್ರದರ್ಶನ. ಜುಲೈ 13ಕ್ಕೆ, ಅಂದರೆ 54 ದಿನಕ್ಕೆ, ಸುಮೊ ಪಂದ್ಯಗಳು ನಡೆಯುವ ರ್‍ಯೋಗೊಕು ಕೊಕುಗಿಕಾನ್‌ನಲ್ಲೇ ದೊಡ್ಡ ಪ್ರದರ್ಶನ. ಡಬ್ಲ್ಯುಡಬ್ಲ್ಯುಇ ಗುತ್ತಿಗೆಯಲ್ಲಿದ್ದ ಇಯೊ ಸ್ಕೈ ಕೂಡ ಅಂದು ಉತಾಮಿ ವಿರುದ್ಧ ಆಡಲು ಬಂದಿದ್ದರು. ಆ ರಾತ್ರಿ ಜೂಲಿಯಾರನ್ನು ಸೋಲಿಸಿ ಸಾರಿ ಎಂಬಾಕೆ ಕಂಪನಿಯ ಮೊದಲ ವಿಶ್ವ ಚಾಂಪಿಯನ್ ಆದರು.

ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದರೆ ಎರಡು ತಿಂಗಳೂ ತುಂಬದ ಸ್ಟಾರ್ಟಪ್, ಇಷ್ಟು ದೊಡ್ಡ ರಿಲೀಸ್. ಹೇಗೆ ಸಾಧ್ಯವಾಯ್ತು?

ಹೊಸ ಮನೆಗೆ ಹಳೆಯ ಹೆಸರು

ಜಪಾನಿನಲ್ಲಿ ಇದು ಹೊಸದೇನಲ್ಲ. ಅಲ್ಲಿನ ಪ್ರೊ ರೆಸ್ಲಿಂಗ್‌ಗೆ ಅಡಿಪಾಯ ಹಾಕಿದ್ದು ಸುಮೊ ಬಿಟ್ಟು ಬಂದ ರಿಕಿಡೋಝಾನ್. 1954ರಲ್ಲಿ ಅವರು ಅಮೆರಿಕದಿಂದ ಬಂದ ಶಾರ್ಪ್ ಸಹೋದರರ ಎದುರು ಸೆಣಸಿದಾಗ ಜನ ಬೀದಿಯಲ್ಲಿಟ್ಟ ಟಿವಿಗಳ ಮುಂದೆ ಮುಗಿಬಿದ್ದು ನೋಡಿದರು. ಅವರ ಶಿಷ್ಯರಾದ ಆಂಟೊನಿಯೊ ಇನೋಕಿ ಮತ್ತು ಜೈಂಟ್ ಬಾಬಾ, ಗುರುಗಳ ಕಂಪನಿ ಬಿಟ್ಟು 1972ರಲ್ಲಿ ಬೇರೆ ಬೇರೆಯಾಗಿ ಒಂದೊಂದು ಕಂಪನಿ ತೆರೆದರು. ನ್ಯೂ ಜಪಾನ್ ಇನೋಕಿಯದು, ಆಲ್ ಜಪಾನ್ ಬಾಬಾರದು. ಬಾಬಾ ತೀರಿಕೊಂಡ ಮೇಲೆ 2000ದಲ್ಲಿ ಮಿತ್ಸುಹಾರು ಮಿಸಾವಾ ಆಲ್ ಜಪಾನ್‌ನ ಬಹುಪಾಲು ಆಟಗಾರರನ್ನು ಕರೆದುಕೊಂಡು ಹೋಗಿ ನೋಆ ಕಟ್ಟಿದರು.

ಪ್ರತಿ ಸಲವೂ ಹಳೆಯ ಕಂಪನಿ ಹತ್ತಿರ ಕಚೇರಿ ಉಳಿಯಿತು, ಬೋರ್ಡು ಉಳಿಯಿತು. ಜನ ಮಾತ್ರ ತಾವು ಮೆಚ್ಚಿದ ಹೆಸರಿನ ಹಿಂದೆ ನಡೆದರು. ನಮ್ಮಲ್ಲಿ ಅಡುಗೆ ಭಟ್ಟರು ಖಾನಾವಳಿ ಬಿಟ್ಟು ಎದುರಿಗೇ ಇನ್ನೊಂದು ತೆರೆದರೆ ಗಿರಾಕಿ ರಸ್ತೆ ದಾಟುತ್ತಾರಲ್ಲ, ಹಾಗೆ.

ಆ ಹೆಸರನ್ನು ಅವರು ಕಟ್ಟುವ ರೀತಿ ನೋಡಬೇಕು. ಹೊಸಬರಿಗೆ ಮೊದಲ ಪಂದ್ಯ ಕಾರ್ಯಕ್ರಮದ ಶುರುವಿನಲ್ಲಿ. ತಿಂಗಳುಗಟ್ಟಲೆ ಸೋಲುತ್ತಲೇ ಇರುತ್ತಾರೆ, ಜನ ಅವರು ಬೆಳೆಯೋದನ್ನು ನೋಡುತ್ತಾರೆ. ರಿಂಗ್‌ನಲ್ಲಿ ಹೆಸರು ಕೂಗಿದಾಗ ಅಭಿಮಾನಿಗಳು ಅವರ ಬಣ್ಣದ ಕಾಗದದ ಪಟ್ಟಿಗಳನ್ನು ಎಸೆಯುತ್ತಾರೆ. ಪ್ರದರ್ಶನದ ಹೊತ್ತಿನಲ್ಲಿ ಆಟಗಾರರೇ ಮೇಜಿನ ಹಿಂದೆ ನಿಂತು ತಮ್ಮ ಫೋಟೊ ಮಾರಿ ಸಹಿ ಹಾಕಿಕೊಡುತ್ತಾರೆ. ಮುಂದಿನ ಪಂದ್ಯ ಯಾರ ಮೇಲೆ, ಯಾವತ್ತು ಅನ್ನೋದು ಅಂದೇ ಗೊತ್ತಾಗುತ್ತೆ. ದೊಡ್ಡ ಅಂಗಳ ವರ್ಷಕ್ಕೆ ಕೆಲವೇ ಸಲ. ಉಳಿದದ್ದೆಲ್ಲ ಸಣ್ಣ ಸಣ್ಣ ಹಾಲ್‌ಗಳು.

"ಅದೆಲ್ಲಾ ಸುಳ್ಳಾಟ" ಅನ್ನೋರಿಗೆ

ಹೌದು, ಪ್ರೊ ರೆಸ್ಲಿಂಗ್‌ನಲ್ಲಿ ಯಾರು ಗೆಲ್ಲಬೇಕು ಅನ್ನೋದು ಮೊದಲೇ ತೀರ್ಮಾನ. ಹಿರೇಕೆರೂರಿನ ನನ್ನ ಸೋದರಮಾವ ಇದಕ್ಕೇ ಬೈತಾರೆ: "ಗೊತ್ತಿದ್ದದ್ದನ್ನ ಏನ್ ನೋಡ್ತೀಯಪಾ?" ದೊಡ್ಡಾಟದಲ್ಲಿ ಕೀಚಕ ಸಾಯ್ತಾನೆ ಅಂತ ಗೊತ್ತಿದ್ದೂ ಬೆಳತನಕ ಕೂತು ನೋಡೋರು ಅವರೇ. ಇದನ್ನು ಹೇಳಿದರೆ ನಗುತ್ತಾರೆ.

ನಮ್ಮ ಜಾತ್ರೆ ಕುಸ್ತಿ ಬೇರೆ. ಅದು ನಿಜವಾದ ಸೆಣಸಾಟ, ಅದು ಹಾಗೇ ಇರಬೇಕು. ಗೆಲುವನ್ನು ಮೊದಲೇ ಬರೆದಿಡಿ ಅಂತ ನಾನು ಹೇಳುತ್ತಿಲ್ಲ. ಆಟಗಾರರಿಗೆ ಹೆಸರು ಕೊಡೋ ಕೆಲಸ ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ ಅನ್ನೋದಷ್ಟೇ ಮಾತು. ಅಲ್ಲ, ನಮಗೂ ಗೊತ್ತು. ಹೋರಿಗೆ ನಾವು ಮಾಡಿರೋದು ಅದನ್ನೇ ಅಲ್ವಾ?

ಕುಸ್ತಿಯಲ್ಲಿ ಹೀಗಾಗೋಕೆ ಒಂದು ಸರಳ ಕಾರಣ ಇದೆ. ಕೊನೆಯ ದೊಡ್ಡ ಕುಸ್ತಿಯೊಂದನ್ನು ಬಿಟ್ಟರೆ ಬಹಳ ಕಡೆ ಜೋಡಿ ಕೂಡಿಸೋದು ಅದೇ ದಿನ, ಕಣದ ಪಕ್ಕದಲ್ಲೇ. ಮೈಕಟ್ಟು ನೋಡಿ ಹಿರಿಯರು ಇಬ್ಬರ ಕೈ ಹಿಡಿದು ನಿಲ್ಲಿಸುತ್ತಾರೆ. ಸಣ್ಣ ಹುಡುಗರಿಗೆ ತೆಂಗಿನಕಾಯಿ, ದೊಡ್ಡವರಿಗೆ ನಗದು, ಕೊನೆಯವರಿಗೆ ಬೆಳ್ಳಿ ಕಡಗ. ಹಲಗಿ ಬಾರಿಸುತ್ತೆ, ಚಿತ್ ಆಗುತ್ತೆ, ಜನ ಕೂಗುತ್ತಾರೆ. ಸಂಜೆಗೆ ಕಣದ ಮಣ್ಣು ಆರೋ ಹೊತ್ತಿಗೆ ಗೆದ್ದವರ ಹೆಸರೂ ಆರಿಹೋಗಿರುತ್ತೆ.

ದುಡ್ಡು ಸುರಿದು ನೋಡಿದ್ದೂ ಆಯಿತು

2015ರ ಡಿಸೆಂಬರ್‌ನಲ್ಲಿ ಪ್ರೊ ರೆಸ್ಲಿಂಗ್ ಲೀಗ್ ಶುರುವಾಯಿತು. ಇದು ನಿಜವಾದ ಒಲಿಂಪಿಕ್ ಶೈಲಿಯ ಕುಸ್ತಿ. ಆರು ತಂಡ, ಹರಾಜು, ಟಿವಿ ನೇರ ಪ್ರಸಾರ, ವಿದೇಶಿ ಆಟಗಾರರು. ನಮ್ಮದೂ ಒಂದು ತಂಡ ಇತ್ತು, ಬೆಂಗಳೂರು ಯೋಧಾಸ್. ಆ ಸಲ ಮುಂಬೈ ಗೆದ್ದಿತು. 2017ರ ಎರಡನೇ ಸೀಸನ್‌ಗೆ ಬಂದರೆ ಬೆಂಗಳೂರು ತಂಡವೇ ಇಲ್ಲ. 2019ರ ನಂತರ ಲೀಗ್ ವರ್ಷಗಟ್ಟಲೆ ನಿಂತಿತು.

ಯೋಧಾಸ್ ಇಲ್ಲವಾದಾಗ ಹಾವೇರಿ ಜಿಲ್ಲೆಯ ಯಾವ ಗರಡಿ ಮನೆಯಲ್ಲೂ ಯಾರೂ ಬೇಜಾರು ಮಾಡಿಕೊಂಡದ್ದು ನಾನು ಕೇಳಲಿಲ್ಲ. ತಂಡದ ಹೆಸರಿನಲ್ಲಿ ಬೆಂಗಳೂರು ಇತ್ತು, ನಮ್ಮ ಮಣ್ಣಿನ ಹುಡುಗರನ್ನು ಅದರಲ್ಲಿ ನೋಡಿದ ನೆನಪು ನಮ್ಮ ಕಡೆ ಯಾರಿಗೂ ಇಲ್ಲ. ಬಾದಾಮಿ ತಾಲೂಕಿನ ಹಲಕುರ್ಕಿಯ ಅರ್ಜುನ್ 2020ರಲ್ಲಿ ದಿಲ್ಲಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನ ಗ್ರೀಕೊ ರೋಮನ್ 55 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದರು. ಬಾದಾಮಿ ನಮಗೆ ದೂರವೇನಲ್ಲ. ನಮ್ಮ ನಾಲ್ಕು ತಾಲೂಕಿನ ಗೆಳೆಯರ ವಾಟ್ಸಪ್ ಗ್ರೂಪಿನಲ್ಲಿ ಇದನ್ನು ಹಾಕಿದರೆ "ಹೌದಾ? ಯಾರವ?" ಅಂದರು. ಐದು ಹೋರಿಗಳ ಹೆಸರು ಕೇಳಿದೆ. ಹದಿನೈದು ಬಂತು.

ಅಕ್ಕನ ಮಗಳ ಪ್ರಶ್ನೆ

ಶಿಗ್ಗಾಂವಿ ತಾಲೂಕಿನಲ್ಲಿರೋ ನನ್ನ ಅಕ್ಕನ ಮಗಳು ಕುಸ್ತಿ ಕಲಿಯುತ್ತಿದ್ದಾಳೆ. ಜಿಲ್ಲೆಯ ಹೊರಗೆ ಕ್ರೀಡಾ ಹಾಸ್ಟೆಲ್‌ನಲ್ಲಿದ್ದಾಳೆ, ಒಂಬತ್ತನೇ ಕ್ಲಾಸು. ಈಗ ಜಾತ್ರೆಗಳಲ್ಲೂ ಹೆಣ್ಣುಮಕ್ಕಳ ಕುಸ್ತಿ ಇಡುತ್ತಾರೆ, ಆ ಜೋಡಿಗೆ ಸೇರೋಷ್ಟು ಜನ ಬೇರೆ ಜೋಡಿಗೆ ಸೇರಲ್ಲ. ರಜೆಗೆ ಬಂದಾಗ ಅವಳಿಗೆ ಮಾರಿಗೋಲ್ಡ್ ಪಂದ್ಯ ತೋರಿಸಿದೆ. ಜನ ಹೆಸರು ಕೂಗೋದನ್ನು ಸುಮ್ಮನೆ ನೋಡಿದಳು. ಆಮೇಲೆ ಹೇಳಿದಳು: "ಮಾಮಾ, ನಾನು ಮೂರು ಊರಾಗ ಗೆದ್ದೇನಿ. ನಾಲ್ಕನೇ ಊರಾಗ ಮತ್ತ 'ನಿನ್ನ ಹೆಸರೇನವ್ವಾ' ಅಂತ ಕೇಳಿದ್ರು."

ಮನೆಯಲ್ಲಿ ಅವಳ ಅಪ್ಪನದು ಒಂದೇ ಮಾತು, ಇದರಿಂದ ಮುಂದೆ ಏನು ಬರುತ್ತೆ ಅಂತ. ಪೊಲೀಸ್ ಅಥವಾ ರೈಲ್ವೆ ಕೆಲಸ ಅನ್ನೋದು ನಮ್ಮಲ್ಲಿ ಎಲ್ಲರ ಉತ್ತರ. ಆ ಕೆಲಸ ಸಿಗೋದು ಕೆಲವರಿಗೆ. ಉಳಿದವರು ಹತ್ತನೇ ಕ್ಲಾಸಿಗೋ ಪಿಯುಸಿಗೋ ಕಣ ಬಿಡುತ್ತಾರೆ. ಹುಡುಗಿಯಾದರೆ ಇನ್ನೂ ಬೇಗ.

ಅವಳು ಕೇಳಿದ ಇನ್ನೊಂದು ಪ್ರಶ್ನೆ: "ಇಲ್ಲಿ ಬಿದ್ದು ಕೈ ಮುರಿದ್ರ ಯಾರು ನೋಡ್ಕೋತಾರ?" ಸರಿಯಾದ ಪ್ರಶ್ನೆ. ಮಾರಿಗೋಲ್ಡ್‌ನ ಮೊದಲ ಪ್ರದರ್ಶನದಲ್ಲೇ ಜೂಲಿಯಾರ ಮಣಿಕಟ್ಟು ಮುರಿದಿತ್ತು. ಬೀಳೋದನ್ನೇ ಅಲ್ಲಿ ವಿದ್ಯೆಯಾಗಿ ಕಲಿಸುತ್ತಾರೆ, ಉಕೆಮಿ ಅಂತಾರೆ. ಅದರಲ್ಲಿ ಪಳಗಿದ ಮಿಸಾವಾ ಕೂಡ 2009ರ ಜೂನ್ 13ರಂದು ಹಿರೋಶಿಮಾದಲ್ಲಿ ಪಂದ್ಯದ ನಡುವೆ ಬಿದ್ದು ತೀರಿಕೊಂಡರು. 2020ರ ಮೇ ತಿಂಗಳಲ್ಲಿ ಸ್ಟಾರ್ಡಮ್‌ನ 22 ವರ್ಷದ ಹನಾ ಕಿಮುರಾ, ಟಿವಿ ಶೋ ಒಂದರ ನಂತರ ಆನ್‌ಲೈನ್‌ನಲ್ಲಿ ಬಂದ ನಿಂದನೆಗೆ ನೊಂದು ಪ್ರಾಣ ಕಳೆದುಕೊಂಡರು. 2022ರಲ್ಲಿ ಜಪಾನ್ ನಿಂದನೆಯ ಕಾನೂನನ್ನೇ ಬಿಗಿ ಮಾಡಿತು. ಹೆಸರು ಕೊಟ್ಟರೆ ಸಾಲದು, ಹೆಸರಾದವರನ್ನು ಕಾಯಲೂ ಬೇಕು. ಹೋರಿ ಹಬ್ಬದಲ್ಲಿ ಜೀವ ಹೋದ ಸುದ್ದಿ ಪದೇ ಪದೇ ಓದೋ ನಮ್ಮ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಮಿಟಿಯವರು ಮಾಡಬಹುದಾದದ್ದು

ಇದಕ್ಕೆ ಕೋಟಿ ದುಡ್ಡೂ ಬೇಡ, ಹರಾಜೂ ಬೇಡ. ಹಾನಗಲ್ಲಿನ ತಾರಕೇಶ್ವರ ಗುಡಿ ಆವರಣದ ವೀರಗಲ್ಲು ನೋಡಿದ್ದೀರಲ್ಲ, ಹೋರಾಡಿದವರನ್ನು ಕಲ್ಲಿನಲ್ಲಿ ಉಳಿಸಿದ ಊರು ನಮ್ಮದು. ಈಗ ಬೇಕಾಗಿರೋದು ಬರೀ ಫ್ಲೆಕ್ಸ್.

ಜಾತ್ರೆಗೆ ಹದಿನೈದು ದಿನ ಮುಂಚೆ ಐದು ಜೋಡಿಗಳನ್ನಾದರೂ ಗೊತ್ತು ಮಾಡಿ. ಬ್ಯಾನರ್‌ನಲ್ಲಿ ಅವರ ಫೋಟೊ, ಊರು, ಉಸ್ತಾದರ ಹೆಸರು ಹಾಕಿ. ಅದರಲ್ಲಿ ಒಂದು ಜೋಡಿ ಹೆಣ್ಣುಮಕ್ಕಳದಿರಲಿ. ಸವಣೂರಿನಲ್ಲಿ ಗೆದ್ದವರು ಮುಂದೆ ಹಿರೇಕೆರೂರಿನಲ್ಲಿ ಯಾರ ಮೇಲೆ ನಿಲ್ಲುತ್ತಾರೆ ಅನ್ನೋದನ್ನು ಸವಣೂರಿನ ಮೈಕಿನಲ್ಲೇ ಹೇಳಿ. ನಾಲ್ಕು ಊರಿನ ಕಮಿಟಿಗಳು ಒಂದು ದಿನ ಕೂತು ಮಾತಾಡಿದರೆ ಆಗೋ ಕೆಲಸ. ಬೆಳ್ಳಿ ಕಡಗ ಸ್ವಲ್ಪ ತೆಳ್ಳಗಾದರೂ ಚಿಂತೆಯಿಲ್ಲ, ಕಣದ ಪಕ್ಕ ಡಾಕ್ಟರು, ಆಂಬುಲೆನ್ಸ್ ಇರಲಿ, ಆಡೋರಿಗೆ ಆ ದಿನದ ವಿಮೆ ಇರಲಿ.

ನಮ್ಮಂಥವರು, ಊರು ಬಿಟ್ಟು ಬಂದು ಜಾತ್ರೆಗೆ ದೇಣಿಗೆ ಕಳಿಸೋರು, ಮಾಡಬಹುದಾದ ಕೆಲಸವೂ ಒಂದಿದೆ. ಈ ಸಲ ಕಮಿಟಿಯವರಿಂದ ಫೋನ್ ಬಂದಾಗ ದುಡ್ಡು ಕಳಿಸೋ ಮುಂಚೆ ಕೇಳಿ: "ಬ್ಯಾನರ್‌ನಾಗ ನನ್ನ ಫೋಟೊ ಬ್ಯಾಡ್ರಿ. ಆ ಜಾಗದಾಗ ಯಾವ ಪೈಲ್ವಾನರನ್ನ ಹಾಕ್ತೀರಿ?"