ವರ್ಗದ ಗುಣ, ವ್ಯಕ್ತಿಯ ಗುಣ

‘ನದಿ’ ರೂಢನಾಮ, ‘ಕಬಿನಿ’ ಅಂಕಿತನಾಮ. ಮರಾಠಿ ವ್ಯಾಕರಣವು ಇವನ್ನೇ ಸಾಮಾನ್ಯನಾಮ, ವಿಶೇಷನಾಮ ಎನ್ನುತ್ತದೆ. ಜಾವಾ, ಸಿ ಶಾರ್ಪ್ ಮೊದಲಾದ ಗಣಕಭಾಷೆಗಳಲ್ಲಿ ‘ಕ್ಲಾಸ್’ ಮತ್ತು ‘ಆಬ್ಜೆಕ್ಟ್’ಗಳ ಸಂಬಂಧವೂ ಬಹುಮಟ್ಟಿಗೆ ಇಂಥದೇ. ಕ್ಲಾಸ್ ಎಂಬುದು ವರ್ಗ. ಆಬ್ಜೆಕ್ಟ್ ಆ ವರ್ಗಕ್ಕೆ ಸೇರಿದ ಒಂದು ವ್ಯಕ್ತಿ. ಆದರೆ ಕೆಲವು ಗುಣಗಳು ಯಾವೊಂದು ವ್ಯಕ್ತಿಗೂ ಸೇರದೆ ವರ್ಗಕ್ಕೇ ಸೇರಿರುತ್ತವೆ. ಅವುಗಳಿಗೆ ‘ಸ್ಟ್ಯಾಟಿಕ್’ ಎಂದು ಹೆಸರು. ಇದನ್ನು ‘ಸ್ಥಿರ’ ಎಂದು ಅನುವಾದಿಸುವುದು ನನಗೆ ಒಪ್ಪಿಗೆಯಿಲ್ಲ. ಅದರ ಬೆಲೆ ಬದಲಾಗಬಲ್ಲದು. ಬದಲಾಗದಿರುವುದು ಒಡೆತನ ಮಾತ್ರ. ‘ವರ್ಗಗುಣ’ ಎಂದರೆ ಅರ್ಥ ಕೆಡುವುದಿಲ್ಲ. ಪಾರಿಭಾಷಿಕ ಪದಗಳನ್ನು ರೂಪಿಸುವ ಕೆಲಸಕ್ಕೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕೈಹಾಕುವುದಾದರೆ, ಪದಕ್ಕಿಂತ ಮೊದಲು ಅದರ ವ್ಯಾಪಾರವನ್ನು ನೋಡಬೇಕಾಗುತ್ತದೆ.

ವಯನಾಡಿನ ಮುತ್ತಂಗದಿಂದ ಗುಂಡ್ಲುಪೇಟೆಗೆ ಬರುವ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರದ ಕಾಡನ್ನು ಹಾಯುತ್ತದೆ. ವನ್ಯಮೃಗಗಳ ರಕ್ಷಣೆಗಾಗಿ 2009ರಲ್ಲಿ ಅಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಸಂಚಾರವನ್ನು ನಿರ್ಬಂಧಿಸಲಾಯಿತು. ಈ ದಾರಿಯ ವಾಹನಗಳ ಲೆಕ್ಕಕ್ಕೊಂದು ಪ್ರೋಗ್ರಾಮ್ ಬರೆಯುತ್ತೇವೆಂದು ಭಾವಿಸೋಣ. ನೋಂದಣಿ ಸಂಖ್ಯೆ ಆಯಾ ವಾಹನದ್ದು. ಮುಚ್ಚುವ ಗಂಟೆ, ತೆರೆಯುವ ಗಂಟೆ, ಹಾದುಹೋದ ವಾಹನಗಳ ಎಣಿಕೆ, ಇವು ‘ವಾಹನ’ ಎಂಬ ವರ್ಗದವು. ಒಂದು ವಾಹನವೂ ಬಾರದಿದ್ದಾಗಲೂ ಇವುಗಳಿಗೆ ಬೆಲೆ ಇರಲೇಬೇಕು.

ಆದಕಾರಣ ಇವುಗಳ ಆರಂಭದ ಬೆಲೆಯನ್ನು ವರ್ಗವನ್ನು ಘೋಷಿಸುವಲ್ಲಿಯೇ ಕೊಡುವುದು ಕ್ರಮ. ಅದು ಒಂದೇ ಸಲ ನಡೆಯುತ್ತದೆ. ಕನ್‌ಸ್ಟ್ರಕ್ಟರ್ ಹಾಗಲ್ಲ, ಪ್ರತಿ ಆಬ್ಜೆಕ್ಟ್ ಹುಟ್ಟುವಾಗಲೂ ನಡೆಯುತ್ತದೆ. ಅದರೊಳಗೆ ಎಣಿಕೆಗೆ ಸೊನ್ನೆಯಿಟ್ಟು ಅನಂತರ ಒಂದನ್ನು ಕೂಡಿಸಿದರೆ, ಬಂದ ಪ್ರತಿ ಲಾರಿಯೂ ಹಿಂದಿನ ಲೆಕ್ಕವನ್ನು ಅಳಿಸುತ್ತದೆ. ಎಷ್ಟು ವಾಹನ ಹೋದರೂ ಸಂಜೆಗೆ ಎಣಿಕೆ ಒಂದೇ! ಅಲ್ಲಿ ಕೂಡಿಸುವ ಕೆಲಸ ಮಾತ್ರ ಇರತಕ್ಕದ್ದು.

ಬರೆಯುವ ಕ್ರಮವೂ ಮುಖ್ಯ. ತೆರೆಯುವ ಗಂಟೆಗೆ 24 ಕೂಡಿಸಿ ಮುಚ್ಚುವ ಗಂಟೆಯನ್ನು ಕಳೆದರೆ ನಿರ್ಬಂಧದ ಅವಧಿ ದೊರೆಯುತ್ತದೆ: 6 + 24 − 21, ಅಂದರೆ 9 ಗಂಟೆ. ಸಿ ಶಾರ್ಪ್ ಭಾಷೆಯು ವರ್ಗಗುಣಗಳ ಬೆಲೆಯನ್ನು ಮೇಲಿನಿಂದ ಕೆಳಕ್ಕೆ, ಬರೆದ ಕ್ರಮದಲ್ಲಿಯೇ ತುಂಬುತ್ತದೆ. ಅವಧಿಯ ಸಾಲು ಮೊದಲು ಬಂದರೆ, ಎರಡು ಗಂಟೆಗಳಿಗೂ ಆಗ ಇರುವುದು ಸೊನ್ನೆ, ಉತ್ತರ 24. ಕಾಗದದ ಮೇಲೆ ಹೆದ್ದಾರಿ ಹಗಲೂ ರಾತ್ರಿ ಮುಚ್ಚಿಹೋಯಿತು, ಯಂತ್ರ ತಪ್ಪೆಂದು ಹೇಳಲಿಲ್ಲ. ಜಾವಾ ಇಂಥ ನೇರ ಉಲ್ಲೇಖವನ್ನು ಕಂಪೈಲ್ ಮಾಡುವಾಗಲೇ ತಡೆಯುತ್ತದೆ. ಆದರೆ ಅದೇ ಬೆಲೆಯನ್ನು ಒಂದು ಮೆಥಡ್ ಮೂಲಕ ಕೇಳಿದರೆ ಅಲ್ಲಿಯೂ ಸೊನ್ನೆಯೇ ಸಿಗುತ್ತದೆ.