ಚೆಂಡು ಬಿಟ್ಟು ಕಣಕ್ಕಿಳಿದವರು

1925ರ ಜನವರಿ 8ರ ರಾತ್ರಿ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ವಿಶ್ವ ಚಾಂಪಿಯನ್ ಪಟ್ಟದ ಕುಸ್ತಿ. ವೇಯ್ನ್ ಮನ್ ಎಂಬ ಆರೂವರೆ ಅಡಿ ಎತ್ತರದ ಆಳು, ಹಾಲಿ ಚಾಂಪಿಯನ್ ಎಡ್ ‘ಸ್ಟ್ರ್ಯಾಂಗ್ಲರ್’ ಲೂಯಿಸ್‌ನನ್ನು ಅನಾಮತ್ತಾಗಿ ಎತ್ತಿ ರಿಂಗಿನಿಂದ ಹೊರಗೆಸೆದ. ಇದು ನಿಯಮಬಾಹಿರ ಎಂದು ಆ ಸುತ್ತು ಲೂಯಿಸ್ ಪಾಲಾಯಿತು. ಆದರೆ ಮೊದಲ ಸುತ್ತನ್ನು ಮನ್ ಗೆದ್ದಾಗಿತ್ತು, ಮೂರನೆಯದನ್ನೂ ಅವನೇ ಗೆದ್ದ. ಹೆಸರಾಂತ ಫುಟ್‌ಬಾಲ್ ಆಟಗಾರನೊಬ್ಬ ಮೊತ್ತಮೊದಲ ಬಾರಿಗೆ ವೃತ್ತಿ ಕುಸ್ತಿಯ ವಿಶ್ವ ಚಾಂಪಿಯನ್ ಆಗಿದ್ದ.

ಮನ್ ಆಡುತ್ತಿದ್ದದ್ದು ನಮ್ಮ ಕಾಲ್ಚೆಂಡಲ್ಲ, ಅಮೆರಿಕನ್ ಫುಟ್‌ಬಾಲ್. ಅಲ್ಲಿ ಚೆಂಡು ಮೊಟ್ಟೆಯಾಕಾರದ್ದು, ಆಟ ಹೆಚ್ಚೂಕಡಿಮೆ ಕೈಯಲ್ಲೇ. ಎದುರಾಳಿಯ ಸೊಂಟಕ್ಕೆ ಕೈಹಾಕಿ ಕೆಡವುವುದು, ಭುಜಕ್ಕೆ ಭುಜ ಕೊಟ್ಟು ನೂಕುವುದು ಆಟದ ಜೀವಾಳ. ಒಂದೇ ಏಟಿಗೆ ಅಂಗಳದ ತುಂಬ ಆಳುಗಳು ಕಬಡ್ಡಿ ಹಿಡಿತ ಹಿಡಿದಂತೆ ಅದು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ತಂಡದಲ್ಲಿ ಮುಂಚೂಣಿಯಲ್ಲಿ ನಿಂತು ಆಡಿದ್ದ ಮನ್‌ಗೆ ಸುಮಾರು 118 ಕಿಲೋ ತೂಕದ ದೇಹ, ಪತ್ರಿಕೆಗಳಲ್ಲಿ ಹೆಸರು, ಜನರ ಅಭಿಮಾನ ಎಲ್ಲವೂ ಇತ್ತು. ಇಲ್ಲದಿದ್ದದ್ದು ಕುಸ್ತಿ ವಿದ್ಯೆ. ಕಣಕ್ಕೆ ಬಂದು ಬಹಳ ದಿನಗಳೂ ಆಗಿರಲಿಲ್ಲ.

ಹಾಗಿದ್ದರೆ ಗೆದ್ದದ್ದು ಹೇಗೆ? ಲೂಯಿಸ್, ಅವನ ಮ್ಯಾನೇಜರ್ ಬಿಲ್ಲಿ ಸ್ಯಾಂಡೋ ಮತ್ತು ಟೂಟ್ಸ್ ಮಾಂಟ್ ಎಂಬ ಮೂವರ ಕೂಟ ಆಗ ಅಮೆರಿಕದ ಕುಸ್ತಿ ವ್ಯಾಪಾರವನ್ನು ಅಂಗೈಯಲ್ಲಿಟ್ಟುಕೊಂಡಿತ್ತು. ಲೂಯಿಸ್ ನಿಜಕ್ಕೂ ದೊಡ್ಡ ಪೈಲ್ವಾನ. ಅವನೇ ಗೆದ್ದೂ ಗೆದ್ದೂ ಜನರಿಗೆ ಕುತೂಹಲ ಉಳಿದಿರಲಿಲ್ಲ. ಹೊಸ ಮುಖ ಬೇಕಿತ್ತು. ಫುಟ್‌ಬಾಲಿನಿಂದ ಹೆಸರು ಮಾಡಿದ್ದ ಮನ್‌ಗೆ ಪಟ್ಟ ಕೊಟ್ಟು, ಕೆಲವು ತಿಂಗಳು ಊರೂರು ಸುತ್ತಿಸಿ, ಆಮೇಲೆ ಭಾರಿ ಟಿಕೆಟ್ ವಸೂಲಿಯ ಪಂದ್ಯವೊಂದರಲ್ಲಿ ಲೂಯಿಸ್ ಅದನ್ನು ಮರಳಿ ಪಡೆಯುವುದು ಅವರ ಲೆಕ್ಕ. ಜನವರಿಯ ಆ ಗೆಲುವು ಮೊದಲೇ ನಿಶ್ಚಯವಾಗಿತ್ತು.

ನಮ್ಮ ಮೈಲಾರ, ಹಡಗಲಿ, ಕೊಟ್ಟೂರು, ಹರಪನಹಳ್ಳಿ ಸೀಮೆಯ ಜನ ಇಂಥದ್ದನ್ನು ಸಹಿಸುವವರಲ್ಲ. ಭಾರತ ಹುಣ್ಣಿಮೆಯ ಮೈಲಾರ ಜಾತ್ರೆಯಲ್ಲಿ ಕಬ್ಬಿಣದ ಸರಪಳಿ ಹರಿಯುವ ಪವಾಡವನ್ನು ಕಣ್ಣಾರೆ ನೋಡುತ್ತ ಬಂದವರಿಗೆ ಮೈಬಲ ಎಂದರೆ ಭಕ್ತಿಯ ವಿಷಯವೂ ಹೌದು. ಈ ಕಡೆಯ ಜಾತ್ರೆ–ಉತ್ಸವಗಳ ಬಯಲು ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರಷ್ಟೇ ತೀರ್ಮಾನ. ಕೆಮ್ಮಣ್ಣು ಹದ ಮಾಡಿದ ಅಖಾಡ, ಹಲಗೆಯ ಸದ್ದು, ಪೈಲ್ವಾನರು ಕೈಗೆ ಮಣ್ಣು ತಿಕ್ಕಿಕೊಂಡು ತೊಡೆ ತಟ್ಟುವುದು, ಕೊನೆಯ ಜೋಡಿಗೆ ಬೆಳ್ಳಿ ಕಡಗ. ಜೋಡಿ ಒಳಗೊಳಗೇ ಹೊಂದಿಕೊಂಡು ಹೊತ್ತು ಕಳೆಯುತ್ತಿದೆ ಎಂಬ ಅನುಮಾನ ಬಂದರೆ ಸಾಕು, ಸುತ್ತ ಕೂತ ಹಿರಿಯರೇ ಕೂಗಿ ಎಬ್ಬಿಸುತ್ತಾರೆ. ಆ ಕೂಗಿಗೆ ಹೆದರದ ಪೈಲ್ವಾನನಿಲ್ಲ.

ಮನ್‌ನ ಒಳಗುಟ್ಟು ಬಯಲಾದದ್ದು ಹಾಗೆ ಕೂಗಿ ಅಲ್ಲ, ಒಬ್ಬ ಪೈಲ್ವಾನನ ಕೈಯಿಂದ. ಪೋಲೆಂಡ್ ಮೂಲದ ಸ್ಟಾನಿಸ್ಲಾಸ್ ಜ್ಬಿಸ್ಕೊಗೆ ಆಗ ನಲವತ್ತೈದರ ಆಸುಪಾಸು. ಕೆಲವು ವಾರಗಳ ಹಿಂದಷ್ಟೇ ಒಪ್ಪಂದದಂತೆ ಮನ್‌ಗೆ ಸೋತಿದ್ದ. ಈ ಮುದುಕನಿಂದ ಅಪಾಯವಿಲ್ಲವೆಂದು ಏಪ್ರಿಲ್ 15ಕ್ಕೆ ಫಿಲಡೆಲ್ಫಿಯಾದಲ್ಲಿ ಲೂಯಿಸ್ ಕೂಟದವರು ಮತ್ತೊಂದು ಪಂದ್ಯ ಇಟ್ಟರು. ಅಷ್ಟರೊಳಗೆ ಜ್ಬಿಸ್ಕೊ ಎದುರು ಗುಂಪಿನ ಜೊತೆ ಕೈಜೋಡಿಸಿದ್ದ. ಗಂಟೆ ಬಾರಿಸಿದ್ದೇ ತಡ, ಅವನು ಆಟ ಬಿಟ್ಟು ನಿಜವಾದ ಕುಸ್ತಿ ಹಿಡಿದ. ಮನ್‌ನನ್ನು ಕೆಡವಿ ಭುಜ ಒತ್ತಿದ; ಎದ್ದರೆ ಮತ್ತೆ ಕೆಡವಿದ. ಕಂಡೂ ಕಾಣದಂತೆ ಇರಲು ರೆಫರಿಗೆ ಸಾಧ್ಯವೇ ಆಗಲಿಲ್ಲ. ಮೂರು ತಿಂಗಳ ಚಾಂಪಿಯನ್‌ಗಿರಿ ಅಲ್ಲಿಗೆ ಮುಗಿಯಿತು.

ಈ ಜ್ಬಿಸ್ಕೊ ನಮಗೆ ಅಪರಿಚಿತನಲ್ಲ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲ್ವಾನನ ಎದುರು ನೆಲಕ್ಕೆ ಅಂಟಿಕೊಂಡು ಎರಡೂವರೆ ತಾಸಿಗೂ ಮಿಕ್ಕಿ ತಳ್ಳಿದವನು ಇವನೇ. ಒಂದು ವಾರದ ನಂತರದ ಮರುಪಂದ್ಯಕ್ಕೆ ಬರಲೇ ಇಲ್ಲ, ‘ಜಾನ್ ಬುಲ್’ ಬೆಲ್ಟ್ ಗಾಮಾನದಾಯಿತು. 1928ರ ಜನವರಿಯಲ್ಲಿ ಪಟಿಯಾಲಾಕ್ಕೆ ಬಂದು ಗಾಮಾನನ್ನು ಮತ್ತೆ ಎದುರಿಸಿದ. ಈ ಬಾರಿ ಒಂದು ನಿಮಿಷದೊಳಗೆ ಚಿತ್! ಅಂದರೆ, ಅಮೆರಿಕದ ವಿಶ್ವ ಚಾಂಪಿಯನ್‌ನನ್ನು ಮಗುವಿನಂತೆ ಉರುಳಿಸಿದವನು, ಅದಾಗಿ ಮೂರು ವರ್ಷ ತುಂಬುವ ಮೊದಲೇ ಐದು ಅಡಿ ಏಳು ಇಂಚಿನ ಗಾಮಾನ ಎದುರು ನಿಮಿಷವೂ ನಿಲ್ಲಲಿಲ್ಲ. ಎತ್ತರ, ತೂಕ, ಹೆಸರು ಇವುಗಳ ಬೆಲೆ ಎಲ್ಲಿಯತನಕ, ಪಟ್ಟಿನ ಬೆಲೆ ಎಲ್ಲಿಂದ ಎಂಬುದಕ್ಕೆ ಇದಕ್ಕಿಂತ ಚೊಕ್ಕವಾದ ಸಾಕ್ಷಿ ಸಿಗುವುದು ಕಷ್ಟ.

ಆದರೂ ಮನ್‌ನನ್ನು ನೋಡಿ ನಗುವುದು ಅನ್ಯಾಯ. ಉಸ್ತಾದನ ಕೈಕೆಳಗೆ ಇರಿಸಬೇಕಾದವನನ್ನು ಪಟ್ಟದ ಮೇಲೆ ಕೂರಿಸಿದವರು ಬೇರೆಯವರು. ಸೋಲಿನ ನಂತರವೂ ಸ್ಯಾಂಡೋ ಕೂಟ ಕೆಲವು ರಾಜ್ಯಗಳಲ್ಲಿ ಅವನೇ ಚಾಂಪಿಯನ್ ಎಂದು ಸಾಧಿಸಿ, ಮೇ 30ರಂದು ಲೂಯಿಸ್ ಕೈಯಲ್ಲಿ ಅವನನ್ನು ಸೋಲಿಸಿ ತನ್ನ ಕೆಲಸ ಪೂರೈಸಿಕೊಂಡಿತು. ಮನ್ 1931ರಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡ. ನಲವತ್ತೂ ತುಂಬಿರಲಿಲ್ಲ.

ಅವನು ಸತ್ತ ಎರಡು ವರ್ಷಕ್ಕೆ ಇನ್ನೊಬ್ಬ ಫುಟ್‌ಬಾಲಿಗ ಕುಸ್ತಿ ಕಣಕ್ಕಿಳಿದ: ಬ್ರಾಂಕೊ ನಗುರ್ಸ್ಕಿ. ಕೆನಡಾ ಗಡಿಯಂಚಿನ ಇಂಟರ್‌ನ್ಯಾಷನಲ್ ಫಾಲ್ಸ್ ಎಂಬ ಊರಲ್ಲಿ ಬೆಳೆದವನು. ಮಿನ್ನೆಸೋಟಾ ವಿಶ್ವವಿದ್ಯಾಲಯದ ಕೋಚ್ ಆ ದಾರಿಯಲ್ಲಿ ಹೋಗುವಾಗ, ಕುದುರೆ ಕಟ್ಟದೆ ಒಬ್ಬನೇ ಹೊಲ ಉಳುತ್ತಿದ್ದ ಹುಡುಗನನ್ನು ಕಂಡು ಪಟ್ಟಣದ ದಾರಿ ಕೇಳಿದನಂತೆ. ಹುಡುಗ ನೇಗಿಲನ್ನೇ ಎತ್ತಿ ‘ಆ ಕಡೆ’ ಎಂದು ತೋರಿಸಿದನಂತೆ. ಇದು ದಂತಕಥೆ. ಎರೆಹೊಲದಲ್ಲಿ ನೇಗಿಲು ಹಿಡಿದವರಿಗೆ ಈ ಕಥೆಯ ತೂಕ ಬೇಗ ತಿಳಿಯುತ್ತದೆ.

ನಗುರ್ಸ್ಕಿ 1930ರಲ್ಲಿ ಷಿಕಾಗೊ ಬೇರ್ಸ್ ತಂಡ ಸೇರಿದ. ಸಂಬಳ ವರ್ಷಕ್ಕೆ 5,000 ಡಾಲರ್. ಅಷ್ಟರಲ್ಲಿ ಆರ್ಥಿಕ ಮಹಾಕುಸಿತ ದೇಶವನ್ನು ಹಿಂಡತೊಡಗಿತ್ತು; 1932ರ ಹೊತ್ತಿಗೆ ಸಂಬಳ 3,700ಕ್ಕೆ ಇಳಿಯಿತು. ತಂಡ 1932 ಮತ್ತು 1933ರಲ್ಲಿ ಚಾಂಪಿಯನ್ ಆದದ್ದು ಅವನಿದ್ದಾಗಲೇ. ಗೆದ್ದರೂ ಕೈಗೆ ಬರುವುದು ಕಡಿಮೆ ಎನ್ನುವಾಗ 1933ರಿಂದ ಕುಸ್ತಿಯನ್ನೂ ಹಿಡಿದ. 1937ರಲ್ಲಿ ಮೂರು ವಾರಗಳ ಅವಧಿಯಲ್ಲಿ ಐದು ಫುಟ್‌ಬಾಲ್ ಪಂದ್ಯ ಆಡಿ, ನಡುನಡುವೆ ಬೇರೆ ಬೇರೆ ಊರುಗಳಲ್ಲಿ ಎಂಟು ಕುಸ್ತಿ ಹಿಡಿದ. ಇವತ್ತು ಪಶ್ಚಿಮ ಕರಾವಳಿಯಲ್ಲಿ, ನಾಳೆ ಪೂರ್ವದಲ್ಲಿ. ಆ ದಣಿವನ್ನು ನೆನೆದರೆ ಮೈ ನೋಯುತ್ತದೆ.

ವೃತ್ತಿ ಕುಸ್ತಿಯ ಬಹುಪಾಲು ಆಗಲೂ ಹೊಂದಾಣಿಕೆಯದ್ದೇ. ಆದರೆ ಮನ್‌ಗೆ ಸಿಗದ ಒಂದು ನಗುರ್ಸ್ಕಿಗೆ ಸಿಕ್ಕಿತು: ಕಲಿಯಲು ಸಮಯ. ಕಣಕ್ಕಿಳಿದ ನಾಲ್ಕು ವರ್ಷಗಳ ಬಳಿಕ, 1937ರ ಜೂನ್‌ನಲ್ಲಿ, ಡೀನ್ ಡೆಟ್ಟನ್‌ನನ್ನು ಸೋಲಿಸಿ ಮೊದಲ ವಿಶ್ವ ಪಟ್ಟ ಪಡೆದ. ಮುಂದಿನ ವರ್ಷ ಕೇಳಿದಷ್ಟು ಸಂಬಳ ಕೊಡಲು ಬೇರ್ಸ್ ಒಡೆಯ ಜಾರ್ಜ್ ಹಾಲಸ್ ಒಪ್ಪಲಿಲ್ಲ, ನಗುರ್ಸ್ಕಿ ಫುಟ್‌ಬಾಲಿಗೆ ಕೈಮುಗಿದ. 1939ರಲ್ಲಿ ಹ್ಯೂಸ್ಟನ್‌ನಲ್ಲಿ ಲೂ ಥೆಜ್‌ನಂಥ ಪಳಗಿದ ಪೈಲ್ವಾನನಿಂದ ಪಟ್ಟ ಕಿತ್ತುಕೊಂಡ. ಕಳೆದುಕೊಂಡು 1941ರಲ್ಲಿ ಮತ್ತೆ ಗಳಿಸಿದ.

ಈ ಇಬ್ಬರು ಸವೆಸಿದ ದಾರಿಯಲ್ಲಿ ಆಮೇಲೆ ಸಾಲುಸಾಲು ಬಂದರು. ಆರು ಅಡಿ ಒಂಬತ್ತು ಇಂಚಿನ ಎರ್ನಿ ಲ್ಯಾಡ್ 1963ರಲ್ಲಿ ಸ್ಯಾನ್ ಡಿಯೆಗೊ ಚಾರ್ಜರ್ಸ್ ತಂಡದೊಂದಿಗೆ ಚಾಂಪಿಯನ್ ಆಗಿ ಆಮೇಲೆ ಪೂರ್ತಿ ಕುಸ್ತಿಗೆ ಬಂದ. ನಮ್ಮ ಹುಡುಗರು ಟಿವಿಯಲ್ಲಿ ಕಂಡು ಟ್ರಂಪ್ ಕಾರ್ಡ್‌ಗಳಲ್ಲಿ ಪೇರಿಸಿಟ್ಟುಕೊಂಡ ಗೋಲ್ಡ್‌ಬರ್ಗ್, ಹೊಟ್ಟೆಯ ಸ್ನಾಯು ಹರಿದು ಅಟ್ಲಾಂಟಾ ಫಾಲ್ಕನ್ಸ್ ತಂಡದಿಂದ ಹೊರಬಿದ್ದವನು. 1998ರ ಜುಲೈ 6ರಂದು ಹಲ್ಕ್ ಹೋಗನ್‌ನನ್ನು ಸೋಲಿಸಿದ್ದು ತಾನು ಫುಟ್‌ಬಾಲ್ ಆಡಿದ್ದ ಅದೇ ಜಾರ್ಜಿಯಾ ಡೋಮ್‌ನಲ್ಲಿ. ‘ದಿ ರಾಕ್’ ಡ್ವೇನ್ ಜಾನ್ಸನ್‌ನನ್ನು 1995ರಲ್ಲಿ ಕೆನಡಾದ ಕ್ಯಾಲ್ಗರಿ ತಂಡ ಕೈಬಿಟ್ಟಾಗ ಜೇಬಿನಲ್ಲಿ ಉಳಿದದ್ದು ಏಳು ಡಾಲರ್; ಮುಂದೆ ತನ್ನ ಸಿನಿಮಾ ಕಂಪನಿಗೆ ಆ ಏಳು ಡಾಲರಿನ ಹೆಸರನ್ನೇ ಇಟ್ಟ. ಅವನ ಅಪ್ಪ, ತಾತ ಇಬ್ಬರೂ ಪೈಲ್ವಾನರು. ಗರಡಿ ಅವನಿಗೆ ಮನೆಯಲ್ಲೇ ಇತ್ತು.

ನಗುರ್ಸ್ಕಿಯ ಕಥೆಗೆ ಇನ್ನೊಂದು ತಿರುವಿದೆ. 1943ರಲ್ಲಿ ಆಟಗಾರರೆಲ್ಲ ಯುದ್ಧಕ್ಕೆ ಹೋಗಿ ಬೇರ್ಸ್ ತಂಡ ಬಡವಾದಾಗ, ಐದು ವರ್ಷ ಫುಟ್‌ಬಾಲ್ ಮುಟ್ಟದಿದ್ದ ಅವನಿಗೆ ಕರೆ ಬಂತು. ಡಿಸೆಂಬರ್ 26ರ ಫೈನಲ್‌ನಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ವಾಷಿಂಗ್ಟನ್ ವಿರುದ್ಧ ಚೆಂಡನ್ನು ಅಪ್ಪಿಕೊಂಡು ನುಗ್ಗಿ ಟಚ್‌ಡೌನ್ ಗಳಿಸಿದ. ಬೇರ್ಸ್ 41–21ರಿಂದ ಗೆದ್ದು ಮತ್ತೆ ಚಾಂಪಿಯನ್ ಆಯಿತು. ಆಮೇಲೆ ಇನ್ನೂ ಹಲವು ವರ್ಷ ಕುಸ್ತಿ ಹಿಡಿದು, ಕೊನೆಗೆ ತನ್ನೂರಿನಲ್ಲಿ ಪೆಟ್ರೋಲ್ ಬಂಕ್ ನಡೆಸಿದ. 1963ರಲ್ಲಿ ಫುಟ್‌ಬಾಲ್‌ನ ‘ಹಾಲ್ ಆಫ್ ಫೇಮ್’ ತೆರೆದಾಗ ಮೊದಲ ಸಾಲಿನ ಗೌರವಕ್ಕೆ ಆಯ್ಕೆಯಾದವರಲ್ಲಿ ಅವನೂ ಒಬ್ಬ. ಎರಡು ಕಣಗಳ ಏಟು ತಿಂದ ಕೀಲುಗಳ ಸಂಧಿವಾತ ಮಾತ್ರ 1990ರಲ್ಲಿ ತೀರಿಕೊಳ್ಳುವವರೆಗೂ ಅವನನ್ನು ಬಿಡಲಿಲ್ಲ.