ಹಾರುವ ತಟ್ಟೆಗೆ ಯಾವ ಕೋವಿ?

ಹಾರುವ ತಟ್ಟೆಗೆ ಗುರಿಯಿಟ್ಟು ಹೊಡೆಯುವ ಟ್ರ್ಯಾಪ್ ಶೂಟಿಂಗ್ ಕಲಿಯಲು ಹೊರಟವರು ಮೊದಲು ವಿಚಾರಿಸುವುದು ಕೋವಿಯ ಕಂಪನಿ ಯಾವುದು, ಬೆಲೆ ಎಷ್ಟು ಎಂದು. ಎರಡೂ ಕೇಳಬೇಕಾದ ಪ್ರಶ್ನೆಗಳೇ, ಆದರೆ ಅವುಗಳ ಸರದಿ ಆಮೇಲೆ. ಕೋವಿ ನಿಮ್ಮ ಮೈಕಟ್ಟಿಗೆ ಒಗ್ಗುತ್ತದೆಯೇ ಎಂಬುದು ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕು. ಏಕೆ ಎಂಬುದನ್ನು ತಿಳಿಯಲು ಶಾಲೆಯಲ್ಲಿ ಕಲಿತ ರೇಖಾಗಣಿತ, ಭೌತಶಾಸ್ತ್ರ ಸಾಕು.

ಒಲಿಂಪಿಕ್ ಟ್ರ್ಯಾಪ್‌ನಲ್ಲಿ ಶೂಟರ್ ನಿಂತ ಜಾಗದಿಂದ 15 ಮೀಟರ್ ಮುಂದೆ, ನೆಲಮಟ್ಟದ ಕೆಳಗಿನ ಕಂದಕದಲ್ಲಿ 15 ಯಂತ್ರಗಳಿರುತ್ತವೆ. ಶೂಟರ್ ಕೂಗು ಹಾಕಿದ ಕ್ಷಣವೇ ಅವುಗಳಲ್ಲೊಂದು ತಟ್ಟೆಯನ್ನು ಚಿಮ್ಮಿಸುತ್ತದೆ. ಅದು ಯಾವ ಕಡೆಗೆ, ಎಷ್ಟು ಎತ್ತರಕ್ಕೆ ಹಾರುತ್ತದೆ ಎಂಬುದು ಮೊದಲೇ ಗೊತ್ತಾಗುವುದಿಲ್ಲ. ತಟ್ಟೆಯ ಅಗಲ 11 ಸೆಂಟಿಮೀಟರ್, ತೂಕ ಸುಮಾರು 105 ಗ್ರಾಂ, ವೇಗ ಗಂಟೆಗೆ 100 ಕಿಲೋಮೀಟರಿನ ಆಸುಪಾಸು. ನುರಿತವರ ಮೊದಲ ಈಡು ಮುಕ್ಕಾಲು ಸೆಕೆಂಡಿನೊಳಗೆ ಹೊರಟಿರುತ್ತದೆ. ಅಷ್ಟರಲ್ಲಿ ತಟ್ಟೆ ಶೂಟರ್‌ನಿಂದ ಮೂವತ್ತು ಮೀಟರಿಗೂ ದೂರ ಸಾಗಿರುತ್ತದೆ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವವರಿಗೆ ಉಸಿರು ಬಿಗಿಹಿಡಿದು ಗುರಿ ಕೂಡಿಸಿಕೊಳ್ಳಲು ಸಮಯವಿರುತ್ತದೆ. ಇಲ್ಲಿ ಆ ಸೌಕರ್ಯವಿಲ್ಲ. ಕಣ್ಣು ತಟ್ಟೆಯನ್ನು ನೋಡುತ್ತಿರುವಾಗ ಕೋವಿ ತಾನಾಗಿ ಅದೇ ಕಡೆ ತಿರುಗಿರಬೇಕು.

ರೈಫಲ್‌ನಲ್ಲಿ ಗುರಿ ಹಿಡಿಯಲು ಹಿಂದೊಂದು, ಮುಂದೊಂದು ಗುರುತು ಇರುತ್ತವೆ. ಟ್ರ್ಯಾಪ್ ಕೋವಿಯಲ್ಲಿ ನಳಿಗೆಯ ತುದಿಗೊಂದು ಪುಟ್ಟ ಮಣಿ ಮುಖ್ಯ. ಹಿಂದಿನ ಗುರುತಿನ ಕೆಲಸವನ್ನು ಕಣ್ಣೇ ಮಾಡಬೇಕು. ಕೆನ್ನೆ ಒರಗುವ ಮರದ ಹಿಡಿಯ ಮೇಲಂಚು ಆ ಕಣ್ಣನ್ನು ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲಿಸಬೇಕು. ಕಣ್ಣಿನಿಂದ ಮಣಿಗೆ ಹೆಚ್ಚುಕಡಿಮೆ ಒಂದು ಮೀಟರ್ ಅಂತರ ಎಂದಿಟ್ಟುಕೊಳ್ಳಿ. ಕಣ್ಣು 3 ಮಿಲಿಮೀಟರ್ ಮೇಲೇರಿದರೆ 30 ಮೀಟರ್ ದೂರದಲ್ಲಿ ತೋಟಾದ ಸಣ್ಣ ಗುಂಡುಗಳಾದ ಚರೆಗಳು ಸುಮಾರು 9 ಸೆಂಟಿಮೀಟರ್ ಮೇಲಕ್ಕೆ ಹೋಗುತ್ತವೆ. ಅದು ಹೆಚ್ಚುಕಡಿಮೆ ತಟ್ಟೆಯ ಅಗಲದಷ್ಟೇ ದೂರ! ಇನ್ನೊಬ್ಬರ ಕನ್ನಡಕ ಎಷ್ಟೇ ದುಬಾರಿಯಾದರೂ ನಮ್ಮ ಕಣ್ಣಿಗೆ ಹೊಂದದಂತೆ, ಇನ್ನೊಬ್ಬರ ಮೈಗೆ ಹೊಂದಿಸಿದ ಕೋವಿಯೂ ನಮಗೆ ಆಗಿಬರುವುದಿಲ್ಲ. ಆದ್ದರಿಂದ ಕೆನ್ನೆಯ ಜಾಗವನ್ನು ಮೇಲೆ ಕೆಳಗೆ ಸರಿಸಬಹುದಾದ ಹಿಡಿ ಹೊಸಬರಿಗೆ ಒಳ್ಳೆಯದು. ಹಿಡಿಯ ಉದ್ದವೂ ತೋಳಿಗೆ ಸರಿಹೊಂದಬೇಕು. ಉದ್ದ ಹೆಚ್ಚಾದರೆ ಕೋವಿ ಎತ್ತುವಾಗ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ, ಕಡಿಮೆಯಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ.

ಅದಕ್ಕೂ ಮೊದಲು ನಿಮ್ಮ ಪ್ರಬಲ ಕಣ್ಣು ಯಾವುದೆಂದು ತಿಳಿದುಕೊಳ್ಳಿ. ಎರಡೂ ಅಂಗೈ ಚಾಚಿ, ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ವಸ್ತುವೊಂದನ್ನು ಅದರೊಳಗಿಂದ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ಪ್ರಬಲ ಕಣ್ಣು. ಬಲಭುಜಕ್ಕೆ ಕೋವಿ ಇಡುವವರ ಎಡಗಣ್ಣು ಪ್ರಬಲವಾಗಿದ್ದು, ಗುರಿಯನ್ನು ಅದೇ ಕಣ್ಣು ಹಿಡಿದರೆ, 30 ಮೀಟರಿನಲ್ಲಿ ಈಡು ಒಂದೂವರೆ ಮೀಟರಿಗೂ ಹೆಚ್ಚು ಎಡಕ್ಕೆ ಹೋಗಬಹುದು. ಅಂಥವರು ಕೋವಿ ಕೊಳ್ಳುವ ಮುನ್ನವೇ ಎಡಭುಜಕ್ಕೆ ಬದಲಾಗಬೇಕೆ, ಕನ್ನಡಕದ ಎಡಗಣ್ಣಿನ ಗಾಜಿಗೆ ಸಣ್ಣ ಪಟ್ಟಿ ಅಂಟಿಸಬೇಕೆ ಎಂದು ತರಬೇತುದಾರರ ಜೊತೆ ಕೂತು ನಿರ್ಧರಿಸಬೇಕು. ಏಕೆಂದರೆ ಬಲಗೈಯವರ ಹಿಡಿ, ಎಡಗೈಯವರ ಹಿಡಿ ಬೇರೆ ಬೇರೆ.

ಇನ್ನು ತೂಕ. ಹಗುರವಾದ ಕೋವಿ ಅಂಗಡಿಯಲ್ಲಿ ಎತ್ತಿ ನೋಡಿದಾಗ ಹಿತವಾಗಿರುತ್ತದೆ, ಮೈದಾನದಲ್ಲಿ ಒದೆಯುತ್ತದೆ. 24 ಗ್ರಾಂ ಚರೆ ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಮುಂದೆ ಹೋದಾಗ ಅಷ್ಟೇ ಸಂವೇಗ ಕೋವಿಗೆ ಹಿಂದಕ್ಕೆ ಸಿಗುತ್ತದೆ. ಸಂವೇಗ ಒಂದೇ ಇದ್ದಾಗ ತೂಕ ಕಡಿಮೆಯಾದಷ್ಟೂ ಒದೆತದ ಶಕ್ತಿ ಹೆಚ್ಚು. 3.6 ಕಿಲೋ ಕೋವಿಯ ಬದಲು 3 ಕಿಲೋದ್ದನ್ನು ಹಿಡಿದರೆ ಭುಜಕ್ಕೆ ಬೀಳುವ ಶಕ್ತಿ ಶೇ. 20ರಷ್ಟು ಏರುತ್ತದೆ. ಅರ್ಹತಾ ಸುತ್ತಿನಲ್ಲಿ 125 ತಟ್ಟೆಗಳು, ಪ್ರತಿಯೊಂದಕ್ಕೂ ಎರಡು ಈಡಿನ ಅವಕಾಶ. ಒದೆತಕ್ಕೆ ಹೆದರಿದ ಭುಜ ಟ್ರಿಗರ್ ಎಳೆಯುವ ಮೊದಲೇ ಬೆದರುತ್ತದೆ, ಆ ಅಭ್ಯಾಸ ಬಿಡಿಸುವುದು ಬಹಳ ಕಷ್ಟ. 76ರಿಂದ 81 ಸೆಂಟಿಮೀಟರ್ ಉದ್ದದ ನಳಿಗೆ ಇದ್ದರೆ ಕೋವಿ ನಡುಗದೆ ಒಂದೇ ಹದದಲ್ಲಿ ತಿರುಗುತ್ತದೆ.

ಒಂದರ ಮೇಲೊಂದು ನಳಿಗೆಯಿರುವ 12 ಬೋರ್ ಕೋವಿ ಈ ಕ್ರೀಡೆಯಲ್ಲಿ ನೆಲೆಯೂರಿದ್ದಕ್ಕೂ ಕಾರಣವಿದೆ. ಮೊದಲ ಈಡು ಸಾಮಾನ್ಯವಾಗಿ ಕೆಳನಳಿಗೆಯಿಂದ ಹೊರಡುತ್ತದೆ. ಅದು ಭುಜದ ರೇಖೆಗೆ ಹತ್ತಿರವಿರುವುದರಿಂದ ಕೋವಿಯ ಬಾಯಿ ಹೆಚ್ಚು ಮೇಲೇಳುವುದಿಲ್ಲ, ಎರಡನೇ ಈಡಿಗೆ ಬೇಗ ಸಿದ್ಧವಾಗಬಹುದು. ಕೋವಿ ಮಡಚಿ ತೆರೆದರೆ ಒಳಗೆ ತೋಟಾ ಇಲ್ಲವೆಂದು ಪಕ್ಕದವರಿಗೂ ಕಾಣುತ್ತದೆ. ಕಲಿಯುವವರ ಮೈದಾನದಲ್ಲಿ ಇದಕ್ಕಿಂತ ದೊಡ್ಡ ಗುಣ ಇನ್ನೊಂದಿಲ್ಲ.

ನಳಿಗೆಯ ಬಾಯಿಯ ಹತ್ತಿರ ಒಳವ್ಯಾಸವನ್ನು ತುಸು ಕಿರಿದು ಮಾಡುವುದಕ್ಕೆ ಚೋಕ್ ಎನ್ನುತ್ತಾರೆ. ಒಂದು ತೋಟಾದಲ್ಲಿ ಸುಮಾರು 2.4 ಮಿಲಿಮೀಟರ್ ಗಾತ್ರದ 300ರಷ್ಟು ಚರೆಗಳಿರುತ್ತವೆ. ಒಂದು ಮಿಲಿಮೀಟರಿನಷ್ಟು ಕಿರಿದಾದ ಪೂರ್ಣ ಚೋಕ್ ಇದ್ದರೆ, 36 ಮೀಟರ್ ದೂರದಲ್ಲಿ ಅವುಗಳಲ್ಲಿ ಶೇ. 70ರಷ್ಟು ಮುಕ್ಕಾಲು ಮೀಟರ್ ಅಗಲದ ವೃತ್ತದೊಳಗೆ ಬೀಳುತ್ತವೆ. ಮೊದಲ ಈಡಿಗೆ ಸ್ವಲ್ಪ ಸಡಿಲವಾದ ಚೋಕ್, ದೂರ ಹೋದ ತಟ್ಟೆಗೆ ಬಿಗಿಯಾದದ್ದು ಎಂಬುದು ಒಳ್ಳೆಯ ಆರಂಭ. ತಿರುಗಿಸಿ ಬದಲಿಸಬಹುದಾದ ಚೋಕ್‌ಗಳಿದ್ದರೆ ಕಲಿತಂತೆಲ್ಲ ಹೊಂದಿಸಿಕೊಳ್ಳಬಹುದು.

ನಮ್ಮ ದೇಶದಲ್ಲಿ ಈ ಕ್ರೀಡೆಗೆ ದೊಡ್ಡ ಪರಂಪರೆಯಿದೆ. ಬಿಕಾನೇರ್‌ನ ಕರ್ಣಿ ಸಿಂಗ್ 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದರು. 2006ರಲ್ಲಿ ಮಾನವ್‌ಜಿತ್ ಸಿಂಗ್ ಸಂಧು ವಿಶ್ವ ಚಾಂಪಿಯನ್ ಆದರು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರ ಟ್ರ್ಯಾಪ್ ತಂಡ ಚಿನ್ನ ತಂದಿತು. ಈ ದಾರಿಗೆ ಹೊಸದಾಗಿ ಕಾಲಿಡುವವರು ಕೋವಿ ಕೊಳ್ಳಲು ಅವಸರಪಡಬಾರದು. ತರಬೇತುದಾರರ ಕಣ್ಗಾವಲಿನಲ್ಲಿ, ಕಿವಿಗೆ ಕಣ್ಣಿಗೆ ರಕ್ಷಣೆ ತೊಟ್ಟು, ಕ್ಲಬ್ಬಿನ ಬೇರೆ ಬೇರೆ ಕೋವಿಗಳಲ್ಲಿ ಕೆಲವು ತಿಂಗಳು ಅಭ್ಯಾಸ ಮಾಡಿ. ಸ್ವಂತದ್ದು ಕೊಳ್ಳಲು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಹೇಗೂ ಪರವಾನಗಿ ಬೇಕು, ಆ ಓಡಾಟದ ಸಮಯವನ್ನು ನಿಮ್ಮ ಅಳತೆ ಕಂಡುಕೊಳ್ಳಲು ಬಳಸಿಕೊಳ್ಳಿ. ಕೊಳ್ಳುವಾಗಲೂ ಹಣವನ್ನೆಲ್ಲ ಕೋವಿಯ ಕೆತ್ತನೆಗೆ, ಹೆಸರಿಗೆ ಸುರಿಯಬೇಡಿ. ಹಿಡಿಯನ್ನು ಮೈಗೆ ಹೊಂದಿಸಲು ಮತ್ತು ತೋಟಾಗಳಿಗೆ ಒಂದು ಪಾಲು ತೆಗೆದಿಡಿ. ಹದವಾಗಿ ಹೊಂದಿಸಿದ ಸಾಧಾರಣ ಕೋವಿಯಲ್ಲಿ ಹೊಡೆದಷ್ಟೂ ಕೈ ಕುದುರುತ್ತದೆ. ಹೊಂದದ ಕೋವಿ ಎಷ್ಟೇ ಬೆಲೆಬಾಳಿದರೂ ತಪ್ಪನ್ನೇ ರೂಢಿ ಮಾಡಿಸುತ್ತದೆ.